ಮೇಣದ ಪಾಲು

ಮೆಕೂಲಾ ಪೇಟೆಯಲ್ಲಿ ನನ್ನದೊಂದು ಸಕ್ಕರೆಯಂಗಡಿ.
ಮೂಟೆಗಳು ಗಡಿ ದಾಟಿ ಬರುತ್ತವೆ ಲಾರಿಯ ಬೆನ್ನೇರಿ,
ಕೆಂಧೂಳು ಕುಡಿದು.
ತೂಗುತ್ತೇನೆ, ಕಟ್ಟುತ್ತೇನೆ, ಕಾಸು ಎಣಿಸಿಕೊಳ್ಳುತ್ತೇನೆ.
ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಅಪ್ಪ, ಚೆ ಬ್ವಾನಾಲಿ, ಸಕ್ಕರೆ ಮುಟ್ಟಿದವನಲ್ಲ.
'ಇದರ ದಾರಿ ತೋರಿಸಿದವರು ಯಾರು?' ಅನ್ನುತ್ತಿದ್ದ,
ಕಪ್ಪು ಚಹಾ ಹಾಗೇ ಕುಡಿಯುತ್ತಿದ್ದ.

ಅವನಿಗೆ ದಾರಿ ತೋರಿಸುತ್ತಿದ್ದದ್ದು ಸೇಗೊ,
ಹಿಡಿ ತುಂಬದ ಬೂದುಹಕ್ಕಿ,
ಬಾಲದಂಚಿನಲ್ಲಿ ಸುಣ್ಣ ಎಳೆದಂತೆ ಬಿಳಿ.
ಅಪ್ಪ ತುಟಿ ಅದುರಿಸಿ ಕರೆಯುವನು: ಬ್ರ್‌ರ್‌ರ್... ಹ್ಮ್.
ಮೊದಲ ತುಂಡು ತುಟಿಯದು, ಕೊನೆಯದು ಗಂಟಲಿನದು.
ಅವನಿಗೆ ಅವನಪ್ಪ ಕಲಿಸಿದ್ದು, ಆ ಅಪ್ಪನಿಗೆ ಆತನ ಅಪ್ಪ.
ಹಕ್ಕಿಗೆ ಯಾರು ಕಲಿಸಿದರೋ.
ಅದು ಹೆತ್ತವರ ಮುಖವನ್ನೇ ಕಾಣದ ಜಾತಿ.

ಕೊಂಬೆಯಿಂದ ಕೊಂಬೆಗೆ ಹಾರಿ, ನಿಂತು, ಬೈದು,
ತಿರುಗಿ ನೋಡಿ, ಬಂದೆವೆಂದು ಖಾತ್ರಿಯಾಗಿ ಮತ್ತೆ ಹಾರಿ,
ಲುಜೆಂಡಾ ನದಿಯಾಚೆ ಯಾವುದೋ ಬಾವೊಬಾಬ್ ಪೊಟರೆಯ ಬಳಿ
ತೆಪ್ಪಗಾಗುವುದು.
ಅಲ್ಲಿಂದ ನಮ್ಮ ಕೆಲಸ: ಹೊಗೆ, ಕೊಡಲಿ, ಊದಿಕೊಂಡ ಕಣ್ಣು.
ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ,
ಆದರೆ ನೆಕ್ಕುವ ಮೊದಲು ಅಪ್ಪ ಹಸಿರೆಲೆ ಹಾಸಿ
ಮೇಣದ ಹೋಳೊಂದನ್ನು ಎತ್ತಿಡುವನು.
ಮೇಣ ಹೂತಿಡುವವರೂ ಇದ್ದರು,
ಹಕ್ಕಿ ಹಸಿದೇ ಇರಲಿ, ನಾಳೆಯೂ ಕರೆಯಲಿ ಎಂದು.
ಅಂಥವರ ಮನೆಯಲ್ಲಿ ಅಪ್ಪ ನೀರೂ ಮುಟ್ಟುತ್ತಿರಲಿಲ್ಲ.

ಶಾಲೆಯಲ್ಲಿ ಮೇಷ್ಟ್ರು ಬೋರ್ಡಿನ ತುಂಬ ಬಾಣ ಬರೆದಿದ್ದರು,
ಹುಲ್ಲು, ಹುಳ, ಹಕ್ಕಿ, ಹಾವು,
ಎಲ್ಲವೂ ಎಲ್ಲದಕ್ಕೂ ನೆಂಟರೆಂದು.
ಮನೆಗೆ ಬಂದು ಒಪ್ಪಿಸಿದೆ. ಅಪ್ಪ ನಗಲಿಲ್ಲ.
ಟಾರ್ಚು ಹಿಡಿದು ನದಿಯ ದಂಡೆಗೆ ಕರೆದೊಯ್ದ,
ಜೇನುನೊಣ ತಿನ್ನುವ ಹಕ್ಕಿಗಳು ಕೊರೆದ ಬಿಲದ ಬಳಿಗೆ.

ಒಳಗೆ ಸೇಗೊ ಮರಿ. ಕಣ್ಣು ಬಿಟ್ಟಿಲ್ಲ, ಪುಕ್ಕ ಮೂಡಿಲ್ಲ,
ಕೊಕ್ಕಿನ ತುದಿಗೆ ಆಗಲೇ ಕೊಕ್ಕೆ.
ಸುತ್ತ ಆ ಮನೆಯ ಸ್ವಂತ ಮಕ್ಕಳು ಮೂರು,
ಕಚ್ಚಿ ಕಚ್ಚಿ ಕೊಂದದ್ದು.
ಹೊರಗೆ ತಾಯಿ, ಬಾಯಲ್ಲಿ ನೊಣ ಹಿಡಿದು,
ನಾವು ಸರಿಯಲೆಂದು ಕಾಯುತ್ತಿತ್ತು.
'ದೊಡ್ಡದಾದ ಮೇಲೆ ನಮ್ಮನ್ನು ಕರೆಯುವುದು ಇದೇ' ಎಂದ.

ಕೊಂದುಬಿಡಲಾ ಅಂತ ಕೇಳಿದೆ, ಒಂಬತ್ತು ವರ್ಷದವಳು.
'ಕೊಲ್ಲು. ಆಮೇಲೆ ಸಿಹಿಗೆ ಯಾರನ್ನು ಕೇಳುತ್ತೀ?
ಬಿಡು. ಆಮೇಲೆ ಆ ಮೂರಕ್ಕೆ ಏನು ಹೇಳುತ್ತೀ?'
ಉತ್ತರ ಅವನಲ್ಲೂ ಇರಲಿಲ್ಲ.
ಟಾರ್ಚು ಆರಿಸಿದ. ಕತ್ತಲಲ್ಲಿ ನಡೆದು ಬಂದೆವು.

ಋಣ ತೀರಿತು ಅನ್ನುತ್ತೇವಲ್ಲ,
ಯಾರಾದರೂ ಸತ್ತಾಗ ಮಾತ್ರ.
ಸಕ್ಕರೆಯ ಋಣ ಗಲ್ಲಾಪೆಟ್ಟಿಗೆಯಲ್ಲೇ ತೀರುತ್ತದೆ,
ಠಣ್ಣೆಂದು, ಒಂದೇ ಸಲಕ್ಕೆ.
ಎಲೆಯ ಮೇಲಿನ ಮೇಣ ತೀರಿಸುವುದಕ್ಕಲ್ಲ,
ಉಳಿಸಿಕೊಳ್ಳುವುದಕ್ಕೆ
ಎಂದು ನನಗೆ ಹೊಳೆದದ್ದು ತೀರ ಈಚೆಗೆ,
ಅಪ್ಪನ ಅರ್ಧ ಮುಖ ಬಿದ್ದುಹೋದ ಮೇಲೆ.

ಈಗ ಅವನ ತುಟಿ ಅದುರುವುದಿಲ್ಲ.
ಹ್ಮ್ ಅನ್ನುತ್ತಾನೆ, ಅಷ್ಟೇ.
ಅರ್ಧ ಮಾತಿಗೆ ಹಕ್ಕಿ ಓಗೊಡುವುದಿಲ್ಲ.
ಹುಡುಗರಂತೂ ನನ್ನ ಗಿರಾಕಿಗಳು.
ಅಂಗಡಿಯ ಹಿಂದಿನ ಮಾವಿನ ಮರಕ್ಕೆ ಅದೇ ಬರುತ್ತದೆ,
ಬೈಯುತ್ತದೆ, ಕಾಯುತ್ತದೆ, ಹೋಗುತ್ತದೆ.

ಇವತ್ತೂ ಬಂತು. ಹೆಂಗಸರು ಕರೆಯುವ ಪದ್ಧತಿಯಿಲ್ಲ.
ತುಟಿ ಕೂಡಿಸಿದೆ. ಬರೀ ಉಗುಳು ಹಾರಿತು.
ಅರ್ಧ ಕಿಲೋ ಕೇಳಿದ ಹುಡುಗ ಕಿಸಕ್ಕೆಂದ.
ಮತ್ತೆ ಕೂಡಿಸಿದೆ: ಬ್ರ್‌ರ್‌ರ್‌ರ್...
ಉಸಿರು ಅಲ್ಲಿಗೇ ಮುಗಿಯಿತು.

ಮೂಟೆಗೊರಗಿ ಕೂತಿದ್ದ ಅಪ್ಪ, ಕಣ್ಣು ತೆರೆಯದೆ,
ಹ್ಮ್ ಎಂದ.

ಹಕ್ಕಿ ಕತ್ತು ಓರೆ ಮಾಡಿತು.
ಪಕ್ಕದ ಮರಕ್ಕೆ ಹಾರಿ ಬೈಯತೊಡಗಿತು.
ಬೆಂಕಿಪೊಟ್ಟಣ ಕೈಗೆ ಸಿಕ್ಕಿತು, ಕೊಡಲಿ ಎಲ್ಲಿಟ್ಟೆವೋ.
ಆ ಹುಡುಗನ ಸಕ್ಕರೆ ತಕ್ಕಡಿಯಲ್ಲೇ,
ಇನ್ನೂ ತೂಗುತ್ತ.